ಎಎಂಎನ್: ಕಾಲಿನ ಬಿಗಿತದ ಹಿಂದಿರುವ ಕಾಯಿಲೆ

ಹಳೆಯ ಶೂ ಜೋಡಿಯನ್ನು ಬೋರಲು ಹಾಕಿ ನೋಡಿ. ನಡಿಗೆ ಸರಿಯಿದ್ದವರ ಶೂ ಸಾಮಾನ್ಯವಾಗಿ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆದಿರುತ್ತದೆ. ಬೆನ್ನುಹುರಿಯ ತೊಂದರೆ ಶುರುವಾದವರ ಶೂ ಬೆರಳ ತುದಿಯಲ್ಲಿ ಸವೆಯುತ್ತದೆ, ಅದೂ ಹೆಚ್ಚಾಗಿ ಒಂದು ಕಾಲಿನದು ಇನ್ನೊಂದಕ್ಕಿಂತ ಬೇಗ. ಹೆಜ್ಜೆ ಎತ್ತುವಾಗ ಪಾದದ ಮುಂಭಾಗ ಪೂರ್ತಿ ಮೇಲೇಳದೆ ನೆಲವನ್ನು ಕೆರೆದುಕೊಂಡು ಹೋಗುವುದೇ ಇದಕ್ಕೆ ಕಾರಣ. ಚಪ್ಪಲಿ ಹಾಕುವವರಿಗೆ ಅದು ಕಾಲಿನಿಂದ ಜಾರಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೊತ್ತಾಗುತ್ತದೆ. ಮೊದಲು ಹೋಗುವುದು ಓಟ. ಆಮೇಲೆ ಮೆಟ್ಟಿಲಿಳಿಯುವಾಗ ಕೈ ತಾನಾಗಿಯೇ ಕಂಬಿ ಹುಡುಕುತ್ತದೆ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ದೇಹ ಜೋಲಿ ಹೊಡೆಯುತ್ತದೆ. ಮೂತ್ರ ಬಂತೆಂದರೆ ತಡೆಯಲು ಆಗುವುದಿಲ್ಲ.

ಇಪ್ಪತ್ತೈದು ಮೂವತ್ತರ ಗಂಡಸಿಗೆ ಹೀಗಾದಾಗ ‘ಡಿಸ್ಕ್ ಜಾರಿರಬೇಕು’ ಎನ್ನುವವರೇ ಹೆಚ್ಚು. ಇರಬಹುದು. ಆದರೆ ಎರಡೂ ಕಾಲು ಒಟ್ಟಿಗೆ ಬಿಗಿಯಾಗುತ್ತಾ, ನೋವು ಅಷ್ಟಿಲ್ಲದೆ, ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಹದಗೆಡುತ್ತಿದ್ದರೆ ಅಡ್ರಿನೋಮೈಲೋನ್ಯೂರೋಪತಿ ಎಂಬ ಹೆಸರು ವೈದ್ಯರ ಪಟ್ಟಿಯಲ್ಲಿ ಇರಲೇಬೇಕು. ಚಿಕ್ಕದಾಗಿ ಎಎಂಎನ್. ಇದು ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವ ಅಡ್ರಿನೋಲ್ಯೂಕೋಡಿಸ್ಟ್ರಫಿಯ, ಅಂದರೆ ಎಎಲ್‌ಡಿಯ, ಬೆನ್ನುಹುರಿಯ ರೂಪ. ಗಂಡು ಹೆಣ್ಣು ಸೇರಿಸಿ ಲೆಕ್ಕ ಹಾಕಿದರೆ ಸುಮಾರು 15,000ದಿಂದ 17,000 ಜನನಗಳಿಗೆ ಒಬ್ಬರಲ್ಲಿ ಎಎಲ್‌ಡಿಯ ಜೀನ್ ದೋಷ ಇರುತ್ತದೆ. ದೋಷವಿರುವ ಗಂಡಸರಲ್ಲಿ ಬದುಕುಳಿದು ನಡುವಯಸ್ಸು ಮುಟ್ಟಿದವರಿಗೆ ಬೆನ್ನುಹುರಿಯ ತೊಂದರೆ ಹೆಚ್ಚುಕಡಿಮೆ ಖಚಿತ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದಿನವೂ ಕಾಡುವುದು ಕಾಲು, ಆದರೆ ಜೀವಕ್ಕೆ ಎರವಾಗುವುದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಮತ್ತು ಮಿದುಳು. ಇವೆರಡೂ ಹೊರಗೆ ಕಾಣುವುದಿಲ್ಲ, ಹುಡುಕಿ ನೋಡಬೇಕು. ನರರೋಗ ತಜ್ಞರ ಬಳಿ ವರ್ಷಗಟ್ಟಲೆ ಓಡಾಡಿಯೂ ಅಡ್ರಿನಲ್ ಸುರಿಸುವ ಹಾರ್ಮೋನಾದ ಕಾರ್ಟಿಸೋಲಿನ ಪರೀಕ್ಷೆ ಒಮ್ಮೆಯೂ ಆಗದವರು ಇರುತ್ತಾರೆ. ಈ ಕಾಯಿಲೆಯಲ್ಲಿ ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿಲ್ಲ.

ಮೇಣದಂಥ ಕೊಬ್ಬು

ಅಡುಗೆ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳ ಸರಪಳಿಯಲ್ಲಿ ಹೆಚ್ಚಾಗಿ 16 ಅಥವಾ 18 ಇಂಗಾಲದ ಪರಮಾಣುಗಳಿರುತ್ತವೆ. 22ರಿಂದ ಮೇಲಿನವು ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು. ಎಎಲ್‌ಡಿಯಲ್ಲಿ ಮುಖ್ಯವಾಗಿ ಜಮೆಯಾಗುವುದು 26 ಇಂಗಾಲದ್ದು, ಸಿ26. ಜೇನುಮೇಣದಲ್ಲಿರುವ ಸೆರೋಟಿಕ್ ಆಮ್ಲ ಎಂದರೆ ಇದೇ. ಶುದ್ಧ ರೂಪದಲ್ಲಿ ಇದು ಕರಗಲು ಸುಮಾರು 88 ಡಿಗ್ರಿ ಸೆಲ್ಸಿಯಸ್ ಬೇಕು. ಇಂಥದ್ದು ಜೀವಕೋಶದ ತೆಳು ಪೊರೆಯೊಳಗೆ ಸೇರಿಕೊಂಡರೆ ಪೊರೆಯ ಮೆದುತನ ಕೆಡುತ್ತದೆ, ಒಮ್ಮೆ ಕೂತದ್ದು ಸುಲಭವಾಗಿ ಏಳುವುದೂ ಇಲ್ಲ.

ಆರೋಗ್ಯವಂತ ಕೋಶದಲ್ಲಿ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲ ಈ ಉದ್ದ ಸರಪಳಿಯನ್ನು ಒಂದು ಸಲಕ್ಕೆ ಎರಡೆರಡು ಇಂಗಾಲದಂತೆ ಕತ್ತರಿಸುತ್ತದೆ. ಕತ್ತರಿಸುವ ಯಂತ್ರ ಎಎಲ್‌ಡಿಯಲ್ಲಿ ಸರಿಯಾಗಿಯೇ ಇದೆ. ಕೆಟ್ಟಿರುವುದು ಬಾಗಿಲು. ಎಬಿಸಿಡಿ1 ಎಂಬ ಜೀನ್ ತಯಾರಿಸುವ ಎಎಲ್‌ಡಿ ಪ್ರೋಟೀನು ಪೆರಾಕ್ಸಿಸೋಮಿನ ಗೋಡೆಯಲ್ಲಿ ಕೂತು ಈ ಆಮ್ಲಗಳನ್ನು ಒಳಗೆ ಬಿಡಬೇಕು. ಅದಿಲ್ಲದಿದ್ದರೆ ಸರಪಳಿಗಳು ಹೊರಗೇ ಉಳಿಯುತ್ತವೆ, ಉಳಿದವಕ್ಕೆ ದೇಹ ಇನ್ನೂ ಇಂಗಾಲ ಜೋಡಿಸುತ್ತಾ ಹೋಗುತ್ತದೆ. ಈ ಕೊನೆಯ ಮಾತು ಮುಖ್ಯ. ಸಿ26ರ ದೊಡ್ಡ ಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸಿದ್ದು. ಪಥ್ಯ ಮಾಡಿ ಇದನ್ನು ಇಳಿಸುತ್ತೇನೆಂದು ಹೊರಟವರು ಸೊರಗುತ್ತಾರೆ, ಸಿ26 ಇದ್ದಲ್ಲೇ ಇರುತ್ತದೆ.

ಇಷ್ಟು ತಿಳಿಯಲು ಹಲವು ದಶಕ ಬೇಕಾಯಿತು. 1923ರಲ್ಲಿ ಜರ್ಮನಿಯ ಸೀಮರ್ಲಿಂಗ್ ಮತ್ತು ಕ್ರಾಯ್ಟ್ಸ್‌ಫೆಲ್ಟ್ ಒಬ್ಬ ಬಾಲಕನ ಕಪ್ಪಿಟ್ಟ ಚರ್ಮ, ಒಣಗಿದ ಅಡ್ರಿನಲ್ ಮತ್ತು ಹಾಳಾದ ಮಿದುಳನ್ನು ಒಟ್ಟಿಗೆ ವರ್ಣಿಸಿದರು. ಬೆನ್ನುಹುರಿಯ ರೂಪ ಬೇರೆಯಾಗಿ ದಾಖಲಾದದ್ದು 1970ರ ದಶಕದಲ್ಲಿ. ಜೀನ್ ಸಿಕ್ಕಿದ್ದು 1993ರಲ್ಲಿ.

ಬೆನ್ನುಹುರಿಗೇ ಏಕೆ ಪೆಟ್ಟು? ಉದ್ದದ ಕಾರಣಕ್ಕೆ. ಕಾಲ್ಬೆರಳಿನ ಸುದ್ದಿ ಹೊತ್ತು ಮಿದುಳಿನ ಬುಡದವರೆಗೆ ಹೋಗುವ ನರತಂತು ಮತ್ತು ಮಿದುಳಿನಿಂದ ಸೊಂಟದ ಮಟ್ಟದವರೆಗೆ ಅಪ್ಪಣೆ ತರುವ ನರತಂತು, ಇವೆರಡೂ ದೇಹದ ಅತಿ ಉದ್ದದ ತಂತಿಗಳು. ಕೋಶದ ಕೇಂದ್ರದಿಂದ ದೂರದ ತುದಿ ಮೊದಲು ಸೊರಗಿ ಹಿಂದಕ್ಕೆ ಒಣಗುತ್ತಾ ಬರುತ್ತದೆ. ಹಾಗಾಗಿ ಮೇಲಕ್ಕೆ ಹೋಗುವ ತಂತುಗಳು ಕುತ್ತಿಗೆಯ ಮಟ್ಟದಲ್ಲೂ ಕೆಳಕ್ಕೆ ಬರುವವು ಬೆನ್ನಿನ ಕೆಳಮಟ್ಟದಲ್ಲೂ ಹೆಚ್ಚು ಹಾಳಾಗಿರುತ್ತವೆ. ಕೈಗಳ ತಂತು ಗಿಡ್ಡ, ಬಹುಪಾಲು ಉಳಿದುಕೊಳ್ಳುತ್ತವೆ.

ದಾರಿ ತಪ್ಪಿಸುವ ಎಂಆರ್‌ಐ

ಎಎಂಎನ್‌ನಲ್ಲಿ ಬೆನ್ನುಹುರಿಯ ಎಂಆರ್‌ಐ ಮಾಡಿಸಿದರೆ ಸಾಮಾನ್ಯವಾಗಿ ಯಾವ ಬಿಳಿ ಕಲೆಯೂ ಕಾಣುವುದಿಲ್ಲ. ಹುರಿ ತೆಳ್ಳಗಾಗಿರುತ್ತದೆ, ಅಷ್ಟೇ. ಅದನ್ನು ಯಾರಾದರೂ ಅಳೆದು ನೋಡಿದರೆ ಉಂಟು, ಇಲ್ಲದಿದ್ದರೆ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರುತ್ತದೆ. ಅದೇ ಚಿತ್ರದಲ್ಲಿ ನಡುವಯಸ್ಸಿನ ಯಾರಿಗಾದರೂ ಇರಬಹುದಾದ ಸಣ್ಣ ಡಿಸ್ಕ್ ಉಬ್ಬು ಕಂಡರೆ ತಪ್ಪೆಲ್ಲ ಅದರ ತಲೆಗೆ. ಬೇಡದ ಶಸ್ತ್ರಚಿಕಿತ್ಸೆಗೆ ಹೋಗುವ ದಾರಿ ಇದು.

ಪರೀಕ್ಷೆಯ ಮೇಜಿನ ಮೇಲೆ ಸುಳಿವು ಹೆಚ್ಚು. 128 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೀಟಿ ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಇಟ್ಟರೆ ರೋಗಿಗೆ ತಣ್ಣನೆಯ ಲೋಹ ತಗುಲಿದ್ದು ತಿಳಿಯುತ್ತದೆ, ಕಂಪನ ತಿಳಿಯುವುದಿಲ್ಲ. ಅದೇ ಕವೆಯನ್ನು ಕೈಬೆರಳಿನ ಗಂಟಿಗೆ ತಂದರೆ ಕಂಪನ ಸ್ಪಷ್ಟ. ಮಂಡಿಯ ಕೆಳಗೆ ತಟ್ಟಿದರೆ ಕಾಲು ಒದೆಯುವಂತೆ ಹಾರುತ್ತದೆ. ಅಂಗಾಲಿನ ಹೊರ ಅಂಚನ್ನು ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ. ಇದರ ಜೊತೆಗೆ ಬೇಗನೆ ತೆಳುವಾದ ತಲೆಗೂದಲು, ಬೆರಳ ಗಂಟು, ಅಂಗೈ ಗೆರೆ ಮತ್ತು ಒಸಡಿನಲ್ಲಿ ಕಪ್ಪು ಛಾಯೆ ಇದ್ದರೆ ಪರೀಕ್ಷೆಗೆ ರಕ್ತ ಕಳಿಸಲು ಇನ್ನು ಯೋಚಿಸುವಂಥದ್ದೇನಿಲ್ಲ.

ನರತಂತುಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್, ಬಿ12 ಕೊರತೆ, ವಂಶಪಾರಂಪರ್ಯವಾಗಿ ಬಂದು ಕಾಲುಗಳನ್ನು ಬಿಗಿಯಾಗಿಸುವ ಬೇರೆ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಇವುಗಳ ಹೆಸರಿನಲ್ಲಿ ಎಎಂಎನ್ ವರ್ಷಗಟ್ಟಲೆ ಅಡಗಿರುತ್ತದೆ. ಇದರಲ್ಲಿ ಒಂದು ಬಲೆ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದುಕೊಂಡು ಕಾರ್ಟಿಸೋಲಿನ ಕೆಲಸವನ್ನೇ ಮಾಡುವ ಸ್ಟೀರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ, ಒಳಗೊಳಗೇ ಕಾರ್ಟಿಸೋಲ್ ಕೊರತೆಯಿಂದ ಬಳಲುತ್ತಿದ್ದ ರೋಗಿ ಎದ್ದು ಕೂರಬಹುದು. ಸುಸ್ತು ಹೋಯಿತು, ಹಸಿವೆ ಬಂತು, ಔಷಧ ಹಿಡಿಯಿತು! ತಪ್ಪು ರೋಗನಿರ್ಣಯಕ್ಕೆ ಮುದ್ರೆ ಬಿತ್ತು. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಅದೇ ರೋಗಿ ಮೊದಲಿಗಿಂತ ಅಪಾಯದಲ್ಲಿರುತ್ತಾನೆ.

ಖಚಿತಪಡಿಸುವ ಪರೀಕ್ಷೆ ರಕ್ತದ ಪ್ಲಾಸ್ಮಾದಲ್ಲಿ ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳ ಅಳತೆ. ರಿಪೋರ್ಟಿನಲ್ಲಿ ಮೂರು ಸಂಖ್ಯೆ ನೋಡಬೇಕು: ಸಿ26ರ ಪ್ರಮಾಣ, ಸಿ24ಕ್ಕೂ ಸಿ22ಕ್ಕೂ ಇರುವ ಅನುಪಾತ, ಸಿ26ಕ್ಕೂ ಸಿ22ಕ್ಕೂ ಇರುವ ಅನುಪಾತ. ಗಂಡಸರಲ್ಲಿ ಈ ಮೂರೂ ಏರಿದ್ದರೆ ಅನುಮಾನ ಕಡಿಮೆ. ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದು ಬೆಳಿಗ್ಗೆ ರಕ್ತ ಕೊಡುವುದು ಒಳ್ಳೆಯದು. ಪಿಷ್ಟ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋಜೆನಿಕ್ ಆಹಾರದಲ್ಲಿರುವವರಿಗೆ ಸುಳ್ಳೇ ಏರಿದಂತೆ ಬರಬಹುದು. ಸಿ26 ಇಳಿಸಲೆಂದು ಲೊರೆಂಜೊ ಎಣ್ಣೆ ಎಂಬ ಮಿಶ್ರಣ ಕುಡಿಯುತ್ತಿರುವವರಿಗೆ ಸುಳ್ಳೇ ಇಳಿದಂತೆ ಬರಬಹುದು. ಆಮೇಲೆ ಎಬಿಸಿಡಿ1 ಜೀನ್ ಪರೀಕ್ಷೆ ಮಾಡಿಸಿ ದೋಷದ ಅಕ್ಷರವನ್ನೇ ಗುರುತಿಸಬೇಕು, ಮನೆಯ ಉಳಿದವರ ಪರೀಕ್ಷೆಗೆ ಅದೇ ಕೀಲಿ. ಆದರೆ ಆ ದೋಷ ನೋಡಿ ಮುಂದೇನಾಗುತ್ತದೆಂದು ಹೇಳಲಾಗದು. ಒಂದೇ ದೋಷವಿರುವ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಏಳನೇ ವಯಸ್ಸಿಗೆ ಮಿದುಳಿನ ರೂಪ ಬರಬಹುದು, ಇನ್ನೊಬ್ಬನಿಗೆ ನಲವತ್ತಕ್ಕೆ ಕಾಲಿನ ಬಿಗಿತ. ಸಿ26 ಎಷ್ಟು ಹೆಚ್ಚಿದೆ ಎಂಬುದರಿಂದಲೂ ಭವಿಷ್ಯ ತಿಳಿಯುವುದಿಲ್ಲ.

ಬಿಗಿತ ಪೂರ್ತಿ ಶತ್ರುವಲ್ಲ

ಬೆನ್ನುಹುರಿಯ ಹಾನಿಯನ್ನು ತಡೆಯುವ, ಸಾಬೀತಾದ ಔಷಧ ಈಗ ಇಲ್ಲ. ಮಾಡಬಹುದಾದದ್ದು ಲಕ್ಷಣಗಳ ನಿರ್ವಹಣೆ. ಅದನ್ನು ಚೆನ್ನಾಗಿ ಮಾಡಿದರೆ ನಡಿಗೆ ವರ್ಷಗಟ್ಟಲೆ ಉಳಿಯುತ್ತದೆ.

ಬಿಗಿತಕ್ಕೆ ಸಾಮಾನ್ಯವಾಗಿ ಮೊದಲು ಬ್ಯಾಕ್ಲೋಫೆನ್. 5 ಮಿಲಿಗ್ರಾಂ ದಿನಕ್ಕೆ ಮೂರು ಸಲದಂತೆ ಶುರುಮಾಡಿ ಕೆಲವು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ದಿನಕ್ಕೆ 80 ಮಿಲಿಗ್ರಾಂ ಸಾಮಾನ್ಯ ಮಿತಿ. ಮೂತ್ರಪಿಂಡ ದುರ್ಬಲವಿದ್ದರೆ ತುಂಬ ಕಡಿಮೆ ಸಾಕು. ಇಲ್ಲಿ ಆಗುವ ತಪ್ಪು ಎರಡು. ಒಂದು, ಅತಿಯಾಗಿ ಏರಿಸುವುದು. ಬಲ ಕಳೆದುಕೊಂಡ ತೊಡೆಯನ್ನು ನೆಟ್ಟಗೆ ನಿಲ್ಲಿಸಿರುವುದು ಆ ಬಿಗಿತವೇ. ಅದನ್ನು ಪೂರ್ತಿ ಸಡಿಲಿಸಿದರೆ ಮಂಡಿ ಮಡಚಿ ಮನುಷ್ಯ ಕುಸಿಯುತ್ತಾನೆ. ಮಾತ್ರೆ ಹೆಚ್ಚಿಸಿದ ವಾರದಲ್ಲೇ ಬೀಳುವುದು ಹೆಚ್ಚಾದರೆ ಕಾಯಿಲೆ ಜೋರಾಯಿತೆಂದು ತಿಳಿಯುವ ಮೊದಲು ಮಾತ್ರೆಯನ್ನು ಅನುಮಾನಿಸಿ. ಎರಡನೆಯದು ಒಮ್ಮೆಲೇ ನಿಲ್ಲಿಸುವುದು. ಮಾತ್ರೆ ಮುಗಿಯಿತೆಂದು ನಾಲ್ಕು ದಿನ ಬಿಟ್ಟರೆ ಭ್ರಮೆ, ಫಿಟ್ಸ್, ಮೊದಲಿಗಿಂತ ಕೆಟ್ಟ ಸೆಡೆತ ಬರಬಹುದು. ಇನ್ನೊಂದು ಔಷಧ ಟಿಜಾನಿಡಿನ್ ರಕ್ತದೊತ್ತಡ ಇಳಿಸುತ್ತದೆ. ಅಡ್ರಿನಲ್ ಕೊರತೆಯಿದ್ದು ಮೊದಲೇ ಒತ್ತಡ ಕಡಿಮೆ ಇರುವವರಿಗೆ ಎಚ್ಚರಿಕೆಯಿಂದ ಕೊಡಬೇಕು, ಯಕೃತ್ತಿನ ಪರೀಕ್ಷೆಯನ್ನೂ ನಡುನಡುವೆ ಮಾಡಿಸಬೇಕು. ತೊಡೆಯ ಒಳಭಾಗದ ಸ್ನಾಯು ಮಾತ್ರ ಬಿಗಿದು ಕಾಲು ಕತ್ತರಿಯಂತೆ ಅಡ್ಡ ಬರುತ್ತಿದ್ದರೆ ಆ ಜಾಗಕ್ಕಷ್ಟೇ ಬೊಟುಲಿನಂ ಇಂಜೆಕ್ಷನ್ ಕೊಡಿಸುವುದು ಜಾಣತನ.

ಮಾತ್ರೆಗಿಂತ ಮೇಲು ನಿತ್ಯದ ಎಳೆತ. ಮೀನಖಂಡ, ತೊಡೆಯ ಹಿಂಭಾಗ, ತೊಡೆಯ ಒಳಭಾಗ ಮತ್ತು ಸೊಂಟದ ಮುಂಭಾಗ, ಈ ನಾಲ್ಕನ್ನೂ ದಿನಕ್ಕೆ ಎರಡು ಹೊತ್ತು, ಒಂದೊಂದನ್ನೂ 30ರಿಂದ 60 ಸೆಕೆಂಡು ಹಿಡಿದು ಎಳೆಯಬೇಕು. ಜಗ್ಗಬಾರದು. ಜಗ್ಗಿದರೆ ಸ್ನಾಯು ತಿರುಗಿ ಬಿಗಿಯುತ್ತದೆ, ಪಾದ ಟಕಟಕನೆ ಕುಣಿಯಲು ಶುರುಮಾಡುತ್ತದೆ. ಕುಣಿತ ಬಂದರೆ ಹಿಮ್ಮಡಿಯ ಮೇಲೆ ಭಾರ ಹಾಕಿ ನಿಂತರೆ ನಿಲ್ಲುತ್ತದೆ. ಬೆರಳ ತುದಿ ಎಡವುತ್ತಿದ್ದರೆ ಪಾದವನ್ನು ಎತ್ತಿ ಹಿಡಿಯುವ ಆಂಕಲ್ ಬ್ರೇಸ್ ಬೇಗ ಹಾಕಿಸಿಕೊಳ್ಳಿ. ಜನ ನಾಚಿಕೆಗೆ ಮುಂದೂಡುತ್ತಾರೆ, ಮಣಿಕಟ್ಟು ಮುರಿದ ಮೇಲೆ ಹಾಕಿಸಿಕೊಳ್ಳುತ್ತಾರೆ. ಕೋಲಿನ ಕಥೆಯೂ ಅದೇ.

ಕತ್ತಲು ದೊಡ್ಡ ಶತ್ರು. ಪಾದ ಎಲ್ಲಿದೆಯೆಂಬ ಸುದ್ದಿ ಬೆನ್ನುಹುರಿಯಲ್ಲಿ ತಡೆದಿರುವುದರಿಂದ ಕಣ್ಣೇ ಆ ಕೆಲಸ ಮಾಡುತ್ತಿರುತ್ತದೆ. ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ, ತಲೆಗೆ ನೀರು ಹಾಕಿಕೊಳ್ಳುವ ಜಾಗದಲ್ಲಿ ಕುರ್ಚಿ ಮತ್ತು ಹಿಡಿಕೆ ಇರಲಿ. ಇದರಲ್ಲಿ ತಲೆ ಉಳಿಸಿಕೊಳ್ಳುವ ಲೆಕ್ಕವೂ ಇದೆ: ಎಎಲ್‌ಡಿಯಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದ ಮೇಲೆ ಮಿದುಳಿನ ರೂಪ ಶುರುವಾದ ಪ್ರಕರಣಗಳು ವರದಿಯಾಗಿವೆ.

ಕಾಲು ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಹೆಚ್ಚು ಬಿಗಿಯಾದರೆ ಅದು ಕಾಯಿಲೆಯ ನಡಿಗೆಯಲ್ಲ. ಎಎಂಎನ್ ವರ್ಷಗಳ ಲೆಕ್ಕದಲ್ಲಿ ಸಾಗುತ್ತದೆ. ಮೂತ್ರದ ಸೋಂಕು, ಮಲಬದ್ಧತೆ, ಉಗುರಿನ ಹುಣ್ಣು, ಜ್ವರ, ಇವುಗಳಲ್ಲಿ ಯಾವುದೋ ಒಂದಿರುತ್ತದೆ, ಹುಡುಕಿ.

ಮೂತ್ರದ ವಿಷಯದಲ್ಲಿ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಎಷ್ಟು ಮಿಲಿಲೀಟರ್, ಎಷ್ಟು ಸಲ ಸೋರಿತು. ವೈದ್ಯರಿಗೆ ಬಾಯಿಮಾತಿಗಿಂತ ಇದು ಉಪಯೋಗ. ಮಾತ್ರೆ ಶುರುಮಾಡುವ ಮೊದಲು ಮೂತ್ರ ಮಾಡಿದ ಕೂಡಲೇ ಸ್ಕ್ಯಾನ್ ಮಾಡಿ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ನೋಡಲೇಬೇಕು. ಮೂತ್ರಚೀಲ ಹಿಂಡುವಾಗ ಅದರ ಬಾಯಿಯ ಸ್ನಾಯು ತೆರೆಯದೆ ಬಿಗಿದುಕೊಳ್ಳುವುದು ಬೆನ್ನುಹುರಿಯ ತೊಂದರೆಗಳಲ್ಲಿ ಸಾಮಾನ್ಯ. ಅಂಥವರಿಗೆ ಅವಸರ ತಗ್ಗಿಸುವ ಆಕ್ಸಿಬ್ಯೂಟಿನಿನ್, ಸಾಲಿಫೆನಾಸಿನ್ ಕೊಟ್ಟರೆ ಮೂತ್ರ ಇನ್ನಷ್ಟು ನಿಂತು ಸೋಂಕಿಗೆ ದಾರಿಯಾಗುತ್ತದೆ, ಬಾಯಿ ಒಣಗುವುದು ಮಲಬದ್ಧತೆ ಬೇರೆ. ಮಿರಾಬೆಗ್ರಾನ್‌ನಲ್ಲಿ ಈ ಕಿರಿಕಿರಿ ಕಡಿಮೆ, ಆದರೆ ರಕ್ತದೊತ್ತಡ ನೋಡಿಕೊಳ್ಳಬೇಕು. ಹೆಚ್ಚು ಉಳಿಯುತ್ತಿದ್ದರೆ ದಿನಕ್ಕೆ ಕೆಲವು ಸಲ ತಾವೇ ಶುದ್ಧ ಕ್ಯಾತಿಟರ್ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಕಲಿಯುವುದು ಲೇಸು. ಕಲಿಯಲು ಒಂದು ಮಧ್ಯಾಹ್ನ ಸಾಕು. ನೀರು ಕುಡಿಯುವುದನ್ನು ಬಿಡುವುದು ಮಾತ್ರ ಪರಿಹಾರವಲ್ಲ, ಅಡ್ರಿನಲ್ ಕೊರತೆಯಿರುವವರಿಗಂತೂ ಅಪಾಯ.

ಅಡ್ರಿನಲ್: ಕಾಣದ ಕುತ್ತು

ಎಎಲ್‌ಡಿ ಇರುವ ಗಂಡಸರಲ್ಲಿ ಸುಮಾರು 80 ಪ್ರತಿಶತ ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಅಡ್ರಿನಲ್ ಗ್ರಂಥಿ ಸೋಲುತ್ತದೆ. ಅದು ಕಾಲಿಗಿಂತ ಇಪ್ಪತ್ತು ವರ್ಷ ಮೊದಲೇ ಆಗಿರಬಹುದು, ನಂತರವೂ ಆಗಬಹುದು. ಬೆಳಿಗ್ಗೆ 8 ಗಂಟೆಯ ಹೊತ್ತಿನ ಕಾರ್ಟಿಸೋಲ್ ಮತ್ತು ಅದನ್ನು ಸುರಿಸಲು ಅಡ್ರಿನಲ್‌ಗೆ ಅಪ್ಪಣೆ ಕೊಡುವ ಹಾರ್ಮೋನು ಎಸಿಟಿಎಚ್ ನೋಡಬೇಕು. ಕಾರ್ಟಿಸೋಲ್ ಇನ್ನೂ ಸರಿಯಿದ್ದಾಗಲೇ ಎಸಿಟಿಎಚ್ ಏರಿರುತ್ತದೆ, ಅದು ಮೊದಲ ಎಚ್ಚರಿಕೆಯ ಗಂಟೆ. ಅನುಮಾನವಿದ್ದರೆ ಸಿಂಥೆಟಿಕ್ ಎಸಿಟಿಎಚ್ ಚುಚ್ಚಿ ಗ್ರಂಥಿ ಸ್ಪಂದಿಸುತ್ತದೋ ನೋಡುತ್ತಾರೆ. ಒಮ್ಮೆ ಸರಿ ಬಂದರೆ ಮುಗಿಯಲಿಲ್ಲ, ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಇಲ್ಲಿ ಒಂದು ಸಣ್ಣ ಮೋಸ. ಕೂದಲು ತೆಳುವಾಗುತ್ತಿದೆಯೆಂದು ಎಎಂಎನ್ ಇರುವವರು ಬಯೋಟಿನ್ ಮಾತ್ರೆ ನುಂಗುತ್ತಾರೆ. ದೊಡ್ಡ ಪ್ರಮಾಣದ ಬಯೋಟಿನ್ ಹಲವು ಲ್ಯಾಬ್ ಯಂತ್ರಗಳ ಲೆಕ್ಕ ಕೆಡಿಸಿ ಕಾರ್ಟಿಸೋಲನ್ನು ಸುಳ್ಳೇ ಹೆಚ್ಚಾಗಿ, ಎಸಿಟಿಎಚ್ ಅನ್ನು ಸುಳ್ಳೇ ಕಡಿಮೆಯಾಗಿ ತೋರಿಸಬಲ್ಲದು. ಎರಡೂ ಸೇರಿದರೆ ಸೋತ ಗ್ರಂಥಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಪರೀಕ್ಷೆಗೆ ಕೆಲವು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೆ ಹೇಳಿ.

ಕೊರತೆ ಖಚಿತವಾದರೆ ಕಾರ್ಟಿಸೋಲಿನ ಜಾಗ ತುಂಬುವ ಹೈಡ್ರೋಕಾರ್ಟಿಸೋನ್. ದೊಡ್ಡವರಿಗೆ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ. ದೊಡ್ಡ ಪಾಲು ಎದ್ದ ತಕ್ಷಣ, ಕೊನೆಯದು ಮಲಗುವುದಕ್ಕೆ ನಾಲ್ಕಾರು ಗಂಟೆ ಮೊದಲು. ನಿಂತರೆ ತಲೆಸುತ್ತು, ಉಪ್ಪಿನ ಚಪಲ ಇದ್ದವರಿಗೆ ರೆನಿನ್, ಸೋಡಿಯಂ, ಪೊಟ್ಯಾಸಿಯಂ ನೋಡಿ ಫ್ಲೂಡ್ರೋಕಾರ್ಟಿಸೋನ್ ಸೇರಿಸುತ್ತಾರೆ, ಎಲ್ಲರಿಗೂ ಬೇಕಾಗುವುದಿಲ್ಲ. ನರನೋವಿಗೆ ಕಾರ್ಬಮಜೆಪಿನ್ ಅಥವಾ ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಅವು ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತವೆ, ಪ್ರಮಾಣ ಮತ್ತೆ ಲೆಕ್ಕ ಹಾಕಿಸಬೇಕು. ಈ ಮಾತ್ರೆಯಿಂದ ಕಾಲು ಸುಧಾರಿಸುವುದಿಲ್ಲ. ಸುಧಾರಿಸಲಿಲ್ಲವೆಂದು ಬಿಟ್ಟರೆ ಜೀವಕ್ಕೇ ಸಂಚಕಾರ.

ಜ್ವರದ ದಿನದ ನಿಯಮ ಮನೆಯವರೆಲ್ಲರಿಗೂ ಬಾಯಿಪಾಠ ಇರಬೇಕು. ಜ್ವರ 38 ಡಿಗ್ರಿ ದಾಟಿದರೆ ಅಂದಿನ ಪ್ರಮಾಣ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು, ಜ್ವರ ಇಳಿಯುವವರೆಗೆ. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಿ. ಅದೂ ನಿಲ್ಲದಿದ್ದರೆ ಮಾತ್ರೆಯ ಮಾತು ಮುಗಿಯಿತು, ಇಂಜೆಕ್ಷನ್. ಹಲ್ಲು ಕೀಳಿಸುವುದು, ಕೊಲನೋಸ್ಕೋಪಿ, ಶಸ್ತ್ರಚಿಕಿತ್ಸೆ ಯಾವುದಿದ್ದರೂ ಮೊದಲೇ ಹೇಳಿ ಹೆಚ್ಚಿನ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

ಮನೆಯಲ್ಲಿ ಇರಬೇಕಾದದ್ದು: 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ಪುಡಿಯ ಸೀಸೆ, ಶುದ್ಧೀಕರಿಸಿದ ಇಂಜೆಕ್ಷನ್ ನೀರು, 2 ಅಥವಾ 3 ಮಿಲಿಲೀಟರ್ ಸಿರಿಂಜ್, ಸ್ನಾಯುವಿಗೆ ತಲುಪುವ ಸೂಜಿ ಎರಡು. 2 ಮಿಲಿಲೀಟರ್ ನೀರು ಎಳೆದು ಪುಡಿಯ ಸೀಸೆಗೆ ಬಿಡಿ. ಕುಲುಕಬೇಡಿ, ನೊರೆ ಬರುತ್ತದೆ. ಬೆರಳುಗಳ ನಡುವೆ ಉರುಳಿಸಿ, ದ್ರವ ತಿಳಿಯಾಗಲಿ. ಪೂರ್ತಿ ಎಳೆದುಕೊಂಡು ಸೂಜಿ ಬದಲಿಸಿ, ಗಾಳಿ ಹೊರಹಾಕಿ, ತೊಡೆಯ ನಡುಭಾಗದ ಹೊರಬದಿಗೆ ನೇರವಾಗಿ ಚುಚ್ಚಿ ಒತ್ತಿ. ಬಟ್ಟೆ ಬಿಚ್ಚುವಷ್ಟು ಹೊತ್ತಿಲ್ಲದಿದ್ದರೆ ತೆಳು ಬಟ್ಟೆಯ ಮೇಲೆಯೇ ಆದೀತು. ಆಮೇಲೆ ಆಸ್ಪತ್ರೆ. ಅಲ್ಲಿ ಸಲೈನ್ ಮತ್ತು 24 ಗಂಟೆಗೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಹನಿಯಾಗಿ ಹೋಗಬೇಕು. ಕೆಡುವುದು ಎಲ್ಲಿ ಗೊತ್ತೇ? ಸೀಸೆಯ ಅವಧಿ ಮುಗಿದಿರುತ್ತದೆ, ಸೂಜಿ ಸಿಕ್ಕುವುದಿಲ್ಲ, ಇಂಜೆಕ್ಷನ್ ಕೊಡಲು ಕಲಿತದ್ದು ರೋಗಿಯೊಬ್ಬನೇ, ಅವನೀಗ ಎಚ್ಚರತಪ್ಪಿ ಬಿದ್ದಿದ್ದಾನೆ. ಅವಧಿ ಮುಗಿದ ಸೀಸೆಗಳನ್ನು ಎಸೆಯುವ ಮೊದಲು ಮನೆಯವರು ಕಿತ್ತಳೆ ಹಣ್ಣಿಗೆ ಚುಚ್ಚಿ ಕೈ ಪಳಗಿಸಿಕೊಳ್ಳಲಿ. ಬೇಡದಿದ್ದಾಗ ಒಂದು ಸಲ ಕೊಟ್ಟರೆ ಆಗುವ ತೊಂದರೆ ತೀರ ಕಡಿಮೆ, ಬೇಕಾದಾಗ ಕೊಡದಿದ್ದರೆ ಆಗುವುದು ಸಾವು.

ಮಿದುಳು, ಮತ್ತು ಔಷಧಗಳ ಸುದ್ದಿ

ಕಾಲಿನ ರೂಪ ಬಂದ ಮೇಲೂ ಗಂಡಸರಲ್ಲಿ ಮಿದುಳಿನ ರೂಪ ಎದ್ದು ಬರಬಹುದು. ಅದು ಉರಿಯೂತದ ಕಾಯಿಲೆ, ತಿಂಗಳುಗಳ ಲೆಕ್ಕದಲ್ಲಿ ಮುನ್ನುಗ್ಗುತ್ತದೆ. ಲಕ್ಷಣ ಕಾಣುವ ಮೊದಲು ಹಿಡಿಯಬೇಕೆಂದರೆ ದೊಡ್ಡ ಗಂಡಸರಿಗೆ ವರ್ಷಕ್ಕೊಮ್ಮೆ ಮಿದುಳಿನ ಎಂಆರ್‌ಐ ಬೇಕು. ಬಿಳಿ ಕಲೆ ಕಂಡರೆ ಗ್ಯಾಡೋಲಿನಿಯಂ ಬಣ್ಣ ಹಾಕಿ ಮತ್ತೆ ನೋಡುತ್ತಾರೆ. ಕಲೆಯ ಅಂಚು ಹೊಳೆದರೆ ಕಾಯಿಲೆ ಓಡುತ್ತಿದೆ ಎಂದರ್ಥ. ಹಾನಿಯನ್ನು ಲೋಯಸ್ ಅಂಕದಲ್ಲಿ 0ಯಿಂದ 34ರವರೆಗೆ ಅಳೆಯುತ್ತಾರೆ. ಹುಡುಗರಲ್ಲಿ ಅದು 9 ಮೀರುವ ಮೊದಲು ಅಸ್ಥಿಮಜ್ಜೆ ಕಸಿ ಮಾಡಿದರೆ ಮಿದುಳನ್ನು ಉಳಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಮೀರಿದ ಮೇಲೆ ಕಸಿಯ ಅಪಾಯ ಮಾತ್ರ ಉಳಿಯುತ್ತದೆ, ಲಾಭ ಇಳಿಯುತ್ತದೆ. ಕಸಿಯಿಂದ ಬೆನ್ನುಹುರಿ ಉಳಿಯುವುದಿಲ್ಲ. ಹುಡುಗನಾಗಿದ್ದಾಗ ಕಸಿ ಮಾಡಿಸಿಕೊಂಡವರಿಗೂ ದೊಡ್ಡವರಾದ ಮೇಲೆ ಎಎಂಎನ್ ಬಂದದ್ದಿದೆ. ಜೀನ್ ಚಿಕಿತ್ಸೆಯೊಂದಕ್ಕೆ ಅಮೆರಿಕ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಹುಡುಗರ ಮಿದುಳಿನ ರೂಪಕ್ಕೆ. ಪಡೆದವರಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದದ್ದರಿಂದ ಈಗ ಬಿಗಿ ಎಚ್ಚರಿಕೆ ಇದೆ.

ಲೊರೆಂಜೊ ಎಣ್ಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಲೀಕ್ ಮತ್ತು ಎರೂಸಿಕ್ ಆಮ್ಲಗಳ ಗ್ಲಿಸರೈಡುಗಳನ್ನು 4:1ರಂತೆ ಬೆರೆಸಿದ್ದು. ರಕ್ತದಲ್ಲಿನ ಸಿ26 ಕೆಲವೇ ವಾರಗಳಲ್ಲಿ ಇಳಿಯುತ್ತದೆ ನಿಜ, ಕಾಗದದ ಮೇಲೆ ಚೆಂದ ಕಾಣುತ್ತದೆ. ನಡಿಗೆಗೆ ಲಾಭ ಸಾಬೀತಾಗಿಲ್ಲ, ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ಹಣವನ್ನು ಫಿಸಿಯೋಥೆರಪಿಗೆ ಹಾಕಿ ಎಂದೇ ನಮ್ಮ ಅಭಿಪ್ರಾಯ. ಲೆರಿಗ್ಲಿಟಜೋನ್ ಎಂಬ ಮಾತ್ರೆಯನ್ನು ಎಎಂಎನ್ ಇರುವ 116 ಗಂಡಸರಲ್ಲಿ 96 ವಾರ ಪರೀಕ್ಷಿಸಿದರು. ಆರು ನಿಮಿಷದಲ್ಲಿ ನಡೆಯುವ ದೂರ ಎಂಬ ಮುಖ್ಯ ಗುರಿಯಲ್ಲಿ ಅದು ಗೆಲ್ಲಲಿಲ್ಲ. ಮಿದುಳಿನ ಹಾನಿಯನ್ನು ತಡೆಯುವ ಸೂಚನೆ ಕಂಡದ್ದರಿಂದ ಆ ದಿಕ್ಕಿನಲ್ಲಿ ಪರೀಕ್ಷೆ ಮುಂದುವರಿಯಿತು.

ಮನೆಯಲ್ಲಿ ಇನ್ಯಾರು?

ಒಬ್ಬ ಗಂಡಸಿಗೆ ಎಎಂಎನ್ ಎಂದು ತಿಳಿದ ದಿನವೇ ಒಂದು ಹಾಳೆ ತೆಗೆದು ವಂಶವೃಕ್ಷ ಬರೆಯಿರಿ. ದೋಷ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅವನ ಗಂಡುಮಕ್ಕಳಿಗೆ ಅವನಿಂದ ವೈ ಹೋಗುತ್ತದೆ, ದೋಷ ಹೋಗುವುದಿಲ್ಲ. ಹೆಣ್ಣುಮಕ್ಕಳೆಲ್ಲರಿಗೂ ಹೋಗುತ್ತದೆ, ಒಬ್ಬಳೂ ತಪ್ಪುವುದಿಲ್ಲ. ಆ ಹೆಣ್ಣುಮಗಳಿಂದ ಅವಳ ಪ್ರತಿ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಅರ್ಧ ಸಾಧ್ಯತೆ. ಮೇಲಕ್ಕೆ ನೋಡಿದರೆ ತಾಯಿ, ತಾಯಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಳಿಯಂದಿರು. ದೋಷ ಹೊಸದಾಗಿ ಹುಟ್ಟಿಕೊಳ್ಳುವುದು ಅಪರೂಪ, ಬಹುಪಾಲು ತಾಯಿಯಿಂದಲೇ ಬಂದಿರುತ್ತದೆ. ತಾಯಿಯನ್ನು ದೂರುವ ಮಾತು ಇಲ್ಲಿ ಶುರುವಾಗುತ್ತದೆ. ಅದನ್ನು ಅಲ್ಲೇ ತಡೆಯಬೇಕು, ಅವಳಿಗೂ ಅದು ಯಾರೋ ಕೊಟ್ಟದ್ದು.

ಹೆಂಗಸರನ್ನು ಬರೀ ‘ವಾಹಕರು’ ಎಂದು ಬರೆದು ಬಿಡುವ ಹಳೆಯ ಪದ್ಧತಿ ತಪ್ಪು. ಅರವತ್ತು ದಾಟುವ ಹೊತ್ತಿಗೆ ಅವರಲ್ಲಿ 80 ಪ್ರತಿಶತಕ್ಕೂ ಹೆಚ್ಚು ಮಂದಿಗೆ ಕಾಲಿನ ಬಿಗಿತ, ಸಮತೋಲನದ ತೊಂದರೆ, ಮೂತ್ರದ ಅವಸರ, ಕೆಲವರಿಗೆ ಮಲ ತಡೆಯಲಾಗದ ಸ್ಥಿತಿ ಬರುತ್ತದೆ. ಹೆಚ್ಚಾಗಿ ನಲವತ್ತರ ನಂತರ. ಹೆರಿಗೆ, ಸಂಧಿವಾತ, ವಯಸ್ಸು ಎಂದು ಹೇಳಿ ಕಳಿಸಿಬಿಡುತ್ತಾರೆ. ಅಡ್ರಿನಲ್ ಮತ್ತು ಮಿದುಳಿನ ತೊಂದರೆ ಅವರಲ್ಲಿ ತೀರ ಅಪರೂಪ. ರಕ್ತದ ಕೊಬ್ಬಿನಾಮ್ಲದ ಪರೀಕ್ಷೆ 15ರಿಂದ 20 ಪ್ರತಿಶತ ಹೆಂಗಸರಲ್ಲಿ ಸರಿಯಾಗಿಯೇ ಬರುತ್ತದೆ, ಹಾಗಾಗಿ ‘ಇಲ್ಲ’ ಎನ್ನುವ ರಿಪೋರ್ಟನ್ನು ನಂಬಬಾರದು. ಅವರಿಗೆ ಜೀನ್ ಪರೀಕ್ಷೆಯನ್ನೇ ಮಾಡಿಸಬೇಕು. ಸಿ26 ಲೈಸೋಫಾಸ್ಫಟಿಡೈಲ್‌ಕೋಲಿನ್ ಎಂಬ ಅಳತೆ ಹೆಂಗಸರಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಹಸುಗೂಸಿನ ಹಿಮ್ಮಡಿಯಿಂದ ತೆಗೆದ ಒಣ ರಕ್ತದ ಚುಕ್ಕೆಯಲ್ಲೂ ಇದನ್ನು ಅಳೆಯಬಹುದು. 2013ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯ ನವಜಾತ ಶಿಶುಗಳ ತಪಾಸಣೆ ಶುರುಮಾಡಿದ್ದು ಇದರ ಆಧಾರದ ಮೇಲೆಯೇ.

ಆ ಹಾಳೆಯಲ್ಲಿ ಎಲ್ಲರಿಗಿಂತ ಮೊದಲು ಕೆಂಪು ಗುರುತು ಹಾಕಬೇಕಾದ್ದು ಮಗಳ ಮಗನಿಗೆ ಮತ್ತು ಅಕ್ಕತಂಗಿಯರ ಗಂಡುಮಕ್ಕಳಿಗೆ. ಮಿದುಳಿನ ರೂಪ ಹುಡುಗರಲ್ಲಿ ಹೆಚ್ಚಾಗಿ ಬರುವುದು 3ರಿಂದ 12 ವಯಸ್ಸಿನ ನಡುವೆ. ಶಾಲೆಯಲ್ಲಿ ಗಮನವಿಲ್ಲ, ಬರವಣಿಗೆ ಕೆಟ್ಟಿತು, ಕರೆದರೆ ಕೇಳಿಸಿಕೊಳ್ಳುವುದಿಲ್ಲ ಎಂಬ ದೂರು ಬರುವ ಹೊತ್ತಿಗೆ ಕಸಿಯ ಸಮಯ ಕೈತಪ್ಪಿರಬಹುದು. ದೋಷ ಇದೆಯೆಂದು ತಿಳಿದ ಹುಡುಗನಿಗೆ ಮೊದಲ ಹತ್ತು ವರ್ಷ 3ರಿಂದ 6 ತಿಂಗಳಿಗೊಮ್ಮೆ ಅಡ್ರಿನಲ್ ಪರೀಕ್ಷೆ, 2ನೇ ವಯಸ್ಸಿನಿಂದ ಮಿದುಳಿನ ಎಂಆರ್‌ಐ, 3ರಿಂದ 12ರವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಂಆರ್‌ಐಗೆಂದು ಮಗುವಿಗೆ ಅರಿವಳಿಕೆ ಕೊಡುವ ದಿನ ಅಡ್ರಿನಲ್ ಸ್ಥಿತಿ ಗೊತ್ತಿರಬೇಕು, ಕೊರತೆಯಿದ್ದರೆ ಹೈಡ್ರೋಕಾರ್ಟಿಸೋನ್ ಎಷ್ಟು ಕೊಡಬೇಕೆಂಬ ಚೀಟಿ ಅರಿವಳಿಕೆ ತಜ್ಞರ ಕೈಯಲ್ಲಿ ಮೊದಲೇ ಇರಬೇಕು.